ಚೀಲದಲ್ಲಿ ಸಿಕ್ಕ ಬೀಗದ ಕೈ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ನಗುತ್ತಿದ್ದೆ. ಮೂವತ್ತು ವರ್ಷ ನರ್ಸ್ ಆಗಿದ್ದವಳು. ಶವಾಗಾರದ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದ್ದೇನೆ. ಹೆದರಿಕೊಂಡು ಬಂದ ಹುಡುಗಿಯರಿಗೆ ‘ಮೊದಲು ಬಿ.ಪಿ. ನೋಡಿಸಿಕೊಳ್ಳಿ’ ಎನ್ನುತ್ತಿದ್ದೆ. ಈಗ ಅವರೇ ನನ್ನನ್ನು ನೋಡಿ ನಗಬಹುದು. ನಗಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿವೃತ್ತಿಯಾದ ಮೇಲೆ ಮಾನಸಿಕ ಆಸ್ಪತ್ರೆಗಳ ತಪಾಸಣೆಯ ತಂಡಕ್ಕೆ ನನ್ನನ್ನೂ ಸೇರಿಸಿಕೊಂಡಿದ್ದರು. ರೋಗಿಗಳ ಆರೈಕೆ ಹೇಗಿದೆ, ಸಿಬ್ಬಂದಿ ಸಾಕಷ್ಟಿದ್ದಾರೆಯೇ ಎಂದು ನೋಡುವ ಕೆಲಸ. ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಒಂದು ದಿನ, ಕೆಸರೆಯ ಆಚೆಗಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೆಂಗಸರ ವಾರ್ಡಿಗೆ ಸದಾ ಬೀಗ. ಅಂಥ ಕಡೆ ಬೀಗದ ಕೈಯನ್ನು ಕಂಡಲ್ಲಿ ಇಡುವಂತಿಲ್ಲ. ಒಂದು ಕೋಣೆಗೆ ಒಂದೇ ಕೈ, ಅದು ಆಯಾಳ ಸೊಂಟದಲ್ಲೇ ಇರಬೇಕು. ಪಾಳಿ ಬದಲಾದಾಗ ಪುಸ್ತಕದಲ್ಲಿ ಸಹಿ ಮಾಡಿ ಇನ್ನೊಬ್ಬಳಿಗೆ ಒಪ್ಪಿಸಬೇಕು.

ಆ ದಿನ ಎಲ್ಲವೂ ಬಹಳ ಚೆನ್ನಾಗಿತ್ತು. ಇಪ್ಪತ್ತೆರಡು ರೋಗಿಗಳಿಗೆ ನಾಲ್ವರು ಆಯಾಗಳು, ಎಲ್ಲರದೂ ಇಸ್ತ್ರಿ ಮಾಡಿದ ಸೀರೆ. ಅಷ್ಟು ಚೆನ್ನಾಗಿದ್ದುದಕ್ಕೇ ನನಗೆ ಅನುಮಾನ ಬರಬೇಕಿತ್ತು. ಗೌರಮ್ಮ ಎಂಬ ರೋಗಿ ಮಾತ್ರ ಕಾಣಲಿಲ್ಲ; ಸ್ಕ್ಯಾನಿಂಗಿಗೆ ಕಳಿಸಿದ್ದೇವೆ ಎಂದರು. ಹಿಂದುಗಡೆ ಬೀಗ ಹಾಕಿದ್ದ ಒಂದು ಬಾಗಿಲನ್ನು ತೋರಿಸಿ ಕೇಳಿದೆ.

“ಅದು ಸ್ಟೋರ್ ರೂಮು ಮೇಡಂ, ಹಳೇ ಹಾಸ್ಗೆ ತುಂಬಿದೀವಿ,” ಎಂದಳು ಹೆಡ್ ನರ್ಸ್.

ತೆಗೆಸಿ ನೋಡಬೇಕಿತ್ತು. ಬಿಸಿಲು, ಹಸಿವು, ಹೊರಗೆ ಡ್ರೈವರ್ ಎರಡು ಸಲ ಹಾರ್ನ್ ಬೇರೆ ಹೊಡೆದಿದ್ದ. ‘ಸ್ಟೋರ್’ ಎಂದು ಬರೆದು ಸರಿ ಗುರುತು ಹಾಕಿದೆ. ಆ ಗುರುತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಜೀಪಿನವರು ನನ್ನನ್ನು ಸರಸ್ವತಿಪುರಂನಲ್ಲಿ ಇಳಿಸಿ ಹೋದರು. ಹೋಟೆಲಿನಲ್ಲಿ ಕಾಫಿ ಹೇಳಿ, ಕನ್ನಡಕಕ್ಕೆಂದು ಚೀಲಕ್ಕೆ ಕೈ ಹಾಕಿದರೆ ಒಂದು ಬೀಗದ ಕೈ ಸಿಕ್ಕಿತು. ಅದಕ್ಕೆ ಕೆಂಪು ಟೇಪು ಕಟ್ಟಿತ್ತು. ಚೀಲ ಬೆಳಗಿನಿಂದ ನನ್ನ ಹೆಗಲಿನಿಂದ ಇಳಿದಿರಲಿಲ್ಲ, ಅದರ ಜಿಪ್ಪನ್ನೂ ನಾನು ತೆಗೆದಿರಲಿಲ್ಲ. ಆ ವಾರ್ಡಿನದೇ ಇರಬೇಕು, ಪಾಪ, ಯಾವಳೋ ಆಯಾ ಬೈಸಿಕೊಳ್ಳುತ್ತಾಳೆ ಎಂದುಕೊಂಡು, ಕಾಫಿಯನ್ನೂ ಬಿಟ್ಟು ಆಟೋ ಹತ್ತಿದೆ.

ವಾರ್ಡಿನಲ್ಲಿ ಈಗ ಇದ್ದದ್ದು ಮಾದಮ್ಮ ಎಂಬ ಒಬ್ಬಳೇ ಆಯಾ. ಉಳಿದ ಮೂವರನ್ನು ನಮಗೆ ತೋರಿಸಲೆಂದೇ ಬೇರೆ ಕಡೆಯಿಂದ ಕರೆಸಿದ್ದರಂತೆ; ನಮ್ಮ ಜೀಪು ಗೇಟು ದಾಟಿದ್ದೇ ತಡ, ವ್ಯಾನಿನಲ್ಲಿ ವಾಪಸ್ಸು. ಕೆಂಪು ಟೇಪು ನೋಡಿ ಮಾದಮ್ಮ ಬಿಳಿಚಿಕೊಂಡಳು.

“ಇದು ಹಿಂದ್ಗಡೆ ರೂಮಿಂದು ಕಣವ್ವ! ಆ ಮೂವರಲ್ಲಿ ಒಬ್ಳು ಹುಡ್ಗಿ ಸೊಂಟಕ್ ಸಿಗಿಸ್ಕಂಡೇ ವ್ಯಾನ್ ಹತ್ಬುಟ್ಲು. ಆಗ್ಲಿಂದ ಫೋನ್ ಮಾಡ್ತಾ ಇವ್ನಿ, ಎತ್ತಾನೇ ಇಲ್ಲ.”

“ಒಳಗೆ ಯಾರಿದ್ದಾರೆ?”

“ಗೌರಮ್ಮ. ನಿಮ್ ಮುಂದೆ ಏನಾರ ಅಂದ್ಬುಟ್ಟಾಳು ಅಂತ ಕೂಡಾಕಿದ್ರು. ಈಗ ಕೂಗುದ್ರೂ ಓ ಅಂತಿಲ್ಲ.”

ಶೀಟಿನ ಸೂರಿನ ಆ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಹಾಸಿಗೆಗಳ ಮೇಲೆ ಗೌರಮ್ಮ ಪ್ರಜ್ಞೆಯಿಲ್ಲದೆ ಬಿದ್ದಿದ್ದಳು, ಮೈ ಸುಡುತ್ತಿತ್ತು, ನಾಡಿ ಬೆರಳಿಗೆ ಸಿಕ್ಕರೆ ಸಿಕ್ಕಿತು ಎನ್ನುವಂತಿತ್ತು. ಹೊರಗೆ ಎಳೆತಂದು ಒದ್ದೆ ಬಟ್ಟೆ ಹಾಕಿದೆವು. ಡಾಕ್ಟರು ಓಡಿಬಂದು ಡ್ರಿಪ್ ಏರಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಅವಳು ಕಣ್ಣು ಬಿಟ್ಟಾಗ ನಾನು ಗೋಡೆಗೆ ಒರಗಿ ಗಟ್ಟಿಯಾಗಿ ಅತ್ತುಬಿಟ್ಟೆ. ಅಷ್ಟು ವರ್ಷದ ನೌಕರಿಯಲ್ಲಿ ಹಾಗೆ ಅತ್ತದ್ದು ಅದೇ ಮೊದಲು.

ಗೌರಮ್ಮ ನನ್ನನ್ನೇ ನೋಡಿದಳು. ನಾವಿಬ್ಬರೂ ಅಲ್ಲಿಯವರೆಗೆ ಮುಖ ನೋಡಿದವರಲ್ಲ.

“ಬೀಗದ್ ಕೈ ಸಿಕ್ತಾ, ಅವ್ವ?” ಎಂದಳು.

ಸಂಜೆ ಆ ಹುಡುಗಿ ಓಡೋಡಿ ಬಂದಳು. ಅವಳ ಸೊಂಟದಲ್ಲಿ ಕೆಂಪು ಟೇಪಿನ ಬೀಗದ ಕೈ ಹಾಗೇ ಇತ್ತು. ಎರಡನ್ನೂ ಹಾಕಿ ನೋಡಿದೆವು, ಎರಡಕ್ಕೂ ಬೀಗ ತೆರೆಯಿತು. ಪುಸ್ತಕದಲ್ಲಿ ಇದ್ದದ್ದು ಒಂದೇ. ನಾವು ಬರುವ ಮೊದಲೇ ಗೌರಮ್ಮನನ್ನು ಕೂಡಿಹಾಕಿದ್ದರು, ಆದ್ದರಿಂದ ಅವಳು ನನ್ನ ಚೀಲಕ್ಕೆ ಹಾಕಿರಲು ಸಾಧ್ಯವಿಲ್ಲ. ಮರುದಿನ ಕೇಳಿದರೆ ಅವಳಿಗೆ ಏನೂ ನೆನಪಿರಲಿಲ್ಲ.

ನಾನು ಆ ಸರಿ ಗುರುತನ್ನು ಹೊಡೆದುಹಾಕಿ ವರದಿಯನ್ನು ಹೊಸದಾಗಿ ಬರೆದೆ. ಆಯಾಗಳನ್ನು ನೇಮಿಸಿಕೊಳ್ಳದೆ ಆಸ್ಪತ್ರೆಗೆ ಬೇರೆ ದಾರಿ ಇರಲಿಲ್ಲ. ಗೌರಮ್ಮ ಚೇತರಿಸಿಕೊಂಡು ಹಿನಕಲ್‌ನ ತಮ್ಮನ ಮನೆಗೆ ಹೋದಳು, ಚೆನ್ನಾಗಿದ್ದಾಳೆ. ನನಗೆ ಅಷ್ಟು ಸಾಕು. ಉಳಿದದ್ದು ಇವತ್ತಿಗೂ ಅರ್ಥವಾಗಿಲ್ಲ.

ಈಗ ತಪಾಸಣೆಗೆ ಹೋದರೆ ಬೀಗ ಕಂಡ ಬಾಗಿಲನ್ನೆಲ್ಲ ತೆಗೆಸುತ್ತೇನೆ. ಆದರೂ ಜೀಪು ಹತ್ತುವ ಮುಂಚೆ ಒಮ್ಮೆ ಚೀಲಕ್ಕೆ ಕೈ ಹಾಕಿ ತಡಕುತ್ತೇನೆ. ಕನ್ನಡಕ ಬಿಟ್ಟು ಬೇರೇನೂ ಸಿಗದಿದ್ದರೆ ಡ್ರೈವರ್‌ಗೆ ‘ಹೊರಡಪ್ಪ’ ಎನ್ನುತ್ತೇನೆ.