ರಾಣಿಯ ಜರಿ ಕುಪ್ಪಸ

ಬಂಗಾಳಿ ಮಹಾನಗರದ ಗರಿಯಾಹಾಟ್ ಪೇಟೆಯ ಸೀರೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರವಿಟ್ಟು ಬಾಳುವವಳು ಧಾರವಾಡದ ಗಿರಿಜಾ. ಆ ವರ್ಷ ಕನ್ನಡ ಸಂಘದ ನಾಟಕಕ್ಕೆ ಅವಳು ವಿಜಯನಗರದ ರಾಣಿಯ ಕುಪ್ಪಸ ಹೊಲಿದಳು. ಬಟ್ಟೆ ಸಂಘದ್ದು: ಬನಾರಸಿನ ಗಟ್ಟಿ ರೇಷ್ಮೆ, ಮೈತುಂಬ ಜರಿಯ ಹಂಸಗಳು. ಕೂಲಿ ಬೇಡ, ಕಾಲೇಜಿಗೆ ಹೋಗುವ ಮಗಳು ಮಾನ್ಯಳಿಗೆ ರಾಣಿಯ ಪಾತ್ರ ಕೊಟ್ಟರೆ ಸಾಕೆಂದು ಬೇಡಿದ್ದಳು. ಕಾರ್ಯದರ್ಶಿ ಶೋಭನಾ ಒಪ್ಪಿದ್ದರು.

ಸಂಘದ ಪೆಟ್ಟಿಗೆಯ ಉಡುಪು ವರ್ಷಕ್ಕೊಬ್ಬರ ಮೈಗೆ ಹೋಗುತ್ತದೆ. ಬೇಕಾದಾಗ ಸಡಿಲಿಸಲೆಂದು ಹೊಲಿಗೆಯ ಒಳಗೆ ಎರಡು ಬೆರಳಷ್ಟು ಬಟ್ಟೆ ಮಡಚಿ ಬಿಡುವುದು ವಾಡಿಕೆ. ಗಿರಿಜಾ ಬಿಡಲಿಲ್ಲ. ಈ ಅರಸುಡುಗೆ ತನ್ನ ಮಗಳೊಬ್ಬಳಿಗೇ ಒಪ್ಪಲಿ ಎಂಬ ಆಸೆ. ತಾಯಿಯ ಅಷ್ಟು ಸಣ್ಣ ಸ್ವಾರ್ಥವನ್ನು ದಯಾಮಯನಾದ ಭಗವಂತ ಮನ್ನಿಸಿಯಾನು. ಮನುಷ್ಯರು ಮನ್ನಿಸಲಿಲ್ಲ.

ಬಾಲಿಗಂಜಿನ ಸಭಾಂಗಣದಲ್ಲಿ ಕೊನೆಯ ತಾಲೀಮು. ಕುಪ್ಪಸ ತೊಟ್ಟು ಮಾನ್ಯ ರಂಗಕ್ಕೆ ಬಂದೊಡನೆ ಎಲ್ಲರೂ ಕತ್ತು ಚಾಚಿ ನೋಡಿದರು. ಶೋಭನಾರ ಸೊಸೆ ನಮ್ರತಾಳ ಮುಖ ಸಣ್ಣದಾಯಿತು.

“ರೀ ಗಿರಿಜಾ, ರಾಣಿ ಪಾರ್ಟು ನಮ್ಮ ನಮ್ರತಾ ಮಾಡ್ತಾಳೆ,” ಎಂದರು ಶೋಭನಾ. “ನಿಮ್ಮ ಹುಡುಗಿ ಚಾಮರ ಬೀಸಲಿ. ಬಾಯಿ ಬಿಟ್ರೆ ಹಿಂದಿ ಉದುರುತ್ತೆ.”

“ಮಾತು ಕೊಟ್ಟಿದ್ರಲ್ರೀ ಅಕ್ಕಾರ…”

“ಆಗ ಬಟ್ಟೆ ಇಷ್ಟು ಚೆನ್ನಾಗಿ ಬರುತ್ತೆ ಅಂತ ಗೊತ್ತಿರ್ಲಿಲ್ಲ.” ಸುತ್ತಲಿದ್ದವರು ನಕ್ಕರು. “ನಮ್ರತಾಗೆ ಸ್ವಲ್ಪ ಸಡಿಲ ಮಾಡಿಕೊಡಿ.”

“ಆಗಾಂಗಿಲ್ರೀ. ಒಳಗ ಬಟ್ಟಿ ಬಿಟ್ಟಿಲ್ಲ.”

ಶೋಭನಾ ಹೊಲಿಗೆಯ ಒಳ ಅಂಚನ್ನು ಬೆರಳಲ್ಲಿ ತಡವಿ ನೋಡಿದರು. “ಓಹೋ! ಸಂಘದ ರೇಷ್ಮೆ ನಿಮ್ಮನೆ ರಾಣಿಗೆ ಮಾತ್ರವೋ? ಹಾಗಾದ್ರೆ ಬಿಚ್ಚಿ. ತುಂಡುಗಳು ಸಿಂಹಾಸನದ ದಿಂಬಿಗಾಗುತ್ತೆ. ಇಲ್ಲೇ, ಅವಳ ಮೈಮೇಲೇ ಬಿಚ್ಚಿ. ಎಲ್ರೂ ನೋಡ್ಲಿ.”

ಮಾನ್ಯ ಒಳಗೊಂದು ಟೀಶರ್ಟ್ ತೊಟ್ಟಿದ್ದಳು. ಮಾನಕ್ಕೆ ಅಷ್ಟೇ ಆಸರೆ. ಗಿರಿಜಾ ಸುತ್ತ ನೋಡಿದಳು. ವರ್ಷವಿಡೀ ಅವಳಿಗೆ ಕೆಲಸ ಕೊಡುವ ಹೆಂಗಸರೆಲ್ಲ ಅಲ್ಲೇ ಕುಳಿತಿದ್ದರು. ಮಗಳ ಮುಂದೆ ಮೊಣಕಾಲೂರಿ ಬ್ಲೇಡು ಹಿಡಿದಳು. ಮೊದಲ ಎಳೆಗೇ ಬ್ಲೇಡು ಜಾರಿ ಬೆರಳು ಕೊಯ್ದಿತು.

“ರೇಷ್ಮೆಗೆ ರಕ್ತ ತಾಕೀತು, ಜೋಪಾನ!” ಎಂದಳು ನಮ್ರತಾ.

“ಅವ್ವಾ, ಬ್ಲೇಡು ಇತ್ತ ಕೊಡು,” ಎಂದಳು ಮಾನ್ಯ. “ಐ ವಿಲ್ ಡೂ ಇಟ್.”

ನಿಂತಲ್ಲಿಯೇ, ತಲೆ ತಗ್ಗಿಸದೆ, ತೋಳಿನ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಕೊಯ್ದಳು. ನಿತ್ಯ ದೀಪ ಹಚ್ಚಿ ಕೈಮುಗಿಯುವ ಜನ ತುಂಬಿದ್ದ ಆ ಸಭೆಯಲ್ಲಿ ಸಾಕು ಎನ್ನುವ ಒಂದು ಕಂಠವೂ ಏಳಲಿಲ್ಲ. ಬಿಚ್ಚಿದ ತೋಳನ್ನು ಅವಳು ಶೋಭನಾರ ಕೈಗಿತ್ತಳು.

ಶೋಭನಾ ಅದನ್ನು ದಿಂಬಿನ ಮೇಲೆ ಹಾಸಿ ಅಳತೆ ನೋಡಿದರು.

“ಸಾಲಲ್ಲ. ಇನ್ನೊಂದು ತೋಳು?” ಎಂದರು.