ದನದ ಸಂಘದ ಸಭೆಯ ಹೊತ್ತು

ಗೆಳೆಯರೇ, ಶಿರಹಟ್ಟಿಯಲ್ಲಿ ಇವತ್ತು ಸಂಜೆ ನಡೆದ ನಮ್ಮ ಜವಾರಿ ದನಗಳ ತಳಿ ಸಂಘದ ಸಭೆಗೆ ಕಾರ್ಯದರ್ಶಿಯಾದ ನನ್ನನ್ನೂ ಸೇರಿಸಿ ಬಂದವರು ಆರೇ ಜನ. ಸಿಟ್ಟು ನೆತ್ತಿಗೇರಿತು. ಪಕ್ಕದ ಮಾಗಡಿ ಹಳ್ಳಿಯ ಸದಸ್ಯ ಹುಸೇನಸಾಬರಿಗೆ ಅಲ್ಲಿಂದಲೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರೆದುರು ದಬಾಯಿಸಿದೆ: "ಸಂಘದ ಮ್ಯಾಲ ಕಾಳಜಿನ ಇಲ್ಲೇನ್ರಿ ನಿಮಗ?"

"ಐತ್ರಿ ಸರ. ಆದ್ರ ಸಭಾ ಸಂಜಿ ಆರಕ್ಕ ಇಡ್ತೀರಿ. ಅದು ಹಾಲು ಹಿಂಡೋ ಹೊತ್ತು. ದನ ಇದ್ದವ್ರು ಹೆಂಗ ಬರಬೇಕ್ರಿ?"

ಫೋನಿನಲ್ಲಿ ಅವರ ಹಿಂದೆ ಕರು ಕೂಗುತ್ತಿತ್ತು. ಆಮೇಲೆ ಮೆತ್ತಗೆ ಕೇಳಿದರು: "ಅಲ್ಲೆ ಬಂದವ್ರೊಳಗ ಯಾರ ಮನ್ಯಾಗ ದನ ಅದಾವ್ರಿ?"

ಆರೂ ಜನರ ಮನೆಯಲ್ಲಿ ಒಂದು ದನವೂ ಇರಲಿಲ್ಲ. ನಾನು ಕೊನೆಯ ಆಕಳನ್ನು ಮಾರಿ ನಾಲ್ಕು ವರ್ಷವಾಯಿತು. ಈಗ ಸಭೆ ಮುಗಿದ ಸಂಜೆ ನಮ್ಮ ಕೊಟ್ಟಿಗೆಗೆ ವಾಪಸಾಗುವುದು ಸಂಘದ ಕುರ್ಚಿಗಳು ಮಾತ್ರ.