ಭೂತಗನ್ನಡಿಗೆ ಸ್ಕ್ಯಾನ್ ಮಾಡಿಸಿದ್ದು

ನಮ್ಮತ್ತೆಗೆ ಕಾರ್ಖಾನೆಯಲ್ಲಿ ಇಟ್ಟ ಹೆಸರು ಭೂತಗನ್ನಡಿ. ಅಂಗಿ ಹೊಲಿಯುವ ಕಾರ್ಖಾನೆ ಅದು. ಹೊಲಿದ ಅಂಗಿಗಳೆಲ್ಲ ಕೊನೆಗೆ ಅವರ ಮೇಜಿನ ಮೇಲೆ ಹಾದೇ ಪೆಟ್ಟಿಗೆಗೆ ಹೋಗಬೇಕು. ಮೂವತ್ತೊಂದು ವರ್ಷ ಅದೇ ಮೇಜು, ತಲೆಯ ಮೇಲೆ ಅದೇ ಟ್ಯೂಬ್‌ಲೈಟು. ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಸಾಕು, ಬಿಟ್ಟ ಹೊಲಿಗೆಯಾಗಲಿ ನೂಲಿನ ಗಂಟಾಗಲಿ ಬೆರಳಿಗೆ ತಗುಲಿಬಿಡುತ್ತಿತ್ತು. ತಪ್ಪು ಸಿಕ್ಕಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಅಂಗಿಯನ್ನು ಪಕ್ಕದ ಬುಟ್ಟಿಗೆ ಎಸೆಯುವುದು. ಒಂದು ತಪ್ಪು ಸಿಕ್ಕರೆ ಮುಗಿಯಿತು, ಆ ಅಂಗಿಯ ಉಳಿದ ಭಾಗವನ್ನು ನೋಡುವುದಿಲ್ಲ. ಹಾಗೆ ನೋಡುತ್ತ ಕೂತರೆ ದಿನದ ಕೆಲಸ ಮುಗಿಯುವುದಿಲ್ಲ.

ನಾನು ಅಲ್ಲೇ ಕಾಲರ್ ಹೊಲಿಯುತ್ತಿದ್ದವಳು. ಎರಡು ವರ್ಷ ನನ್ನ ಕಾಲರುಗಳಿಗೆ ಬಾಣ ಅಂಟಿಸಿ ಅಂಟಿಸಿ, ಮೂರನೆಯ ವರ್ಷ ಮಗನಿಗೆ ನನ್ನನ್ನೇ ತಂದುಕೊಂಡರು. "ಎಷ್ಟು ಬೈದ್ರೂ ಕೆಲಸ ಬಿಟ್ಟು ಓಡಿಹೋಗ್ಲಿಲ್ಲ, ಇವಳೇ ಸರಿ" ಅಂದರಂತೆ. ಮನೆಯಲ್ಲೂ ಅದೇ ಕಣ್ಣು. ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ, ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ಬಾಗಿಲಿಗೆ ಬೀಗ ಹಾಕಿದ್ದೇನೆ ಎಂದರೆ ಹಿಂದಿರುಗಿ ಬಂದು ಎಳೆದು ನೋಡುವರು. ಇವರ ಜೊತೆ ಸಂಸಾರ ಎಂದರೆ ದಿನಾ ಪರೀಕ್ಷೆಗೆ ಕೂತ ಹಾಗೆ.

ಒಂದು ಭಾನುವಾರ ಬೆಳಗ್ಗೆ ಮಡಚಿದ ಬಟ್ಟೆ ಇಡಲು ಅವರ ಕೋಣೆಗೆ ಹೋದೆ. ಕನ್ನಡಿಯ ಮುಂದೆ ನಿಂತು ಎಡ ಎದೆಯ ಮೇಲೆ ಅಂಗೈ ಆಡಿಸುತ್ತಿದ್ದರು, ಥೇಟ್ ಅಂಗಿ ನೋಡುವ ಹಾಗೆ.

"ಏನತ್ತೆ ಅದು?"

"ಏನಿಲ್ಲ. ಬಾಗಿಲು ತಟ್ಟಿ ಬರ್ಬೇಕು ಅಂತ ನಿನಗೆ ಯಾರೂ ಹೇಳ್ಕೊಟ್ಟಿಲ್ವಾ?"

ನಾನು ಜಗ್ಗಲಿಲ್ಲ. ಕೊನೆಗೆ ನನ್ನ ಬೆರಳು ಹಿಡಿದು ಅವರೇ ಒತ್ತಿಸಿದರು. ದ್ರಾಕ್ಷಿ ಗಾತ್ರದ ಗಂಟು. ಮೂರು ತಿಂಗಳಿಂದ ಇದೆಯಂತೆ. ಅವರ ಅಕ್ಕ ಎದೆಯ ಕ್ಯಾನ್ಸರಿನಲ್ಲೇ ತೀರಿಕೊಂಡವರು. ಅದನ್ನು ಕಣ್ಣಾರೆ ಕಂಡೂ ಮೂರು ತಿಂಗಳು ತುಟಿ ಬಿಚ್ಚದ ಈ ಹೆಂಗಸಿನ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಮುಟ್ಟಿ ನೋಡಿ ಮೊದಲು ಮ್ಯಾಮೊಗ್ರಾಂ ಅನ್ನುವ ಎದೆಗಂಟಿನ ಎಕ್ಸ್‌ರೇ ತೆಗೆಸಿದರು. "ನಿಮ್ಮ ಎದೆಯ ಒಳಗಿನ ಮಾಂಸ ದಟ್ಟವಾಗಿದೆ. ಎಕ್ಸ್‌ರೇಯಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ಒಂದರ ಹಿಂದೆ ಒಂದು ಮುಚ್ಚಿಹೋಗುತ್ತೆ. ಅಲ್ಟ್ರಾಸೌಂಡ್ ಮಾಡಿಸಿ, ಗಂಟಿನಲ್ಲಿರೋದು ನೀರೋ, ಗಟ್ಟಿ ಮಾಂಸವೋ ತಿಳಿಯುತ್ತೆ" ಎಂದರು.

ಹೊರಗೆ ಬಂದದ್ದೇ ತಡ, ಅತ್ತೆ ನನ್ನ ತೋಳು ಹಿಡಿದರು. "ಅವಳಿಗೆ ಗೊತ್ತಾಗಿದೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಇಲ್ಲ, ಇನ್ನೊಂದು ಯಂತ್ರದ ಕೈಲಿ ಹೇಳಿಸ್ತಾಳೆ."

"ಹಾಗೇನಿಲ್ಲ ಅತ್ತೆ."

"ಮತ್ತೆ ನನ್ನ ಮುಖ ಬಿಟ್ಟು ನಿನ್ನ ಮುಖ ಯಾಕೆ ನೋಡಿದ್ಲು?"

ನೋಡಿದ್ದು ನಿಜ. ಆ ಹುಳ ನನ್ನ ತಲೆಯನ್ನೂ ಹೊಕ್ಕಿತು.

ಸ್ಕ್ಯಾನ್ ಕೋಣೆ ಚಿಕ್ಕದು, ತಣ್ಣಗೆ, ಮಬ್ಬು ಬೆಳಕು. ಸ್ಕ್ಯಾನ್ ಮಾಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಅತ್ತೆಯನ್ನು ಮಲಗಿಸಿ, ಹೊದಿಸಿದ ಬಟ್ಟೆ ಸರಿಸಿದವರು ಹಾಗೇ ನಿಂತುಬಿಟ್ಟರು. ಎಡ ಎದೆಯ ಮೇಲೆ ಕಾರ್ಖಾನೆಯ ಕೆಂಪು ಬಾಣ.

"ಏನಮ್ಮ ಇದು?"

"ತಪ್ಪು ಇರೋ ಜಾಗ. ನಿಮ್ಮ ಕಣ್ಣಿಗೆ ಬೀಳದೆ ಹೋದ್ರೆ ಅಂತ ನಾನೇ ಅಂಟಿಸ್ಕೊಂಡು ಬಂದೆ."

ನನಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರು ನಗು ನುಂಗಿಕೊಂಡು ಸ್ಟಿಕ್ಕರ್ ಕಿತ್ತು, ತಣ್ಣನೆಯ ಜೆಲ್ಲಿ ಹಚ್ಚಿ, ಅಂಗೈಯಲ್ಲಿ ಹಿಡಿಯುವಂಥದ್ದೊಂದು ಸಾಧನವನ್ನು ಒತ್ತಿ ಆಡಿಸತೊಡಗಿದರು. "ಇದು ಎಕ್ಸ್‌ರೇ ಅಲ್ಲಮ್ಮ, ಬರೀ ಶಬ್ದ. ಕಿವಿಗೆ ಕೇಳಿಸದ ಶಬ್ದ. ಒಳಗೆ ಹೋಗಿ ತಿರುಗಿ ಬರುತ್ತೆ, ಅದರಿಂದಲೇ ಚಿತ್ರ ಮೂಡುತ್ತೆ."

"ಕೇಳಿಸದ ಶಬ್ದ ಇದೆ ಅಂತ ಇವರಿಗೆ ಹೇಳಿದ್ದು ಯಾರಂತೆ?" ಅತ್ತೆ ನನ್ನನ್ನು ಕೇಳಿದರು.

ಡಾಕ್ಟರು ಪರದೆಯನ್ನು ನಮ್ಮತ್ತ ತಿರುಗಿಸಿದರು. "ನೋಡಿ, ನಿಮ್ಮ ಗಂಟು. ಕಪ್ಪಗೆ, ದುಂಡಗೆ, ಅಂಚು ನುಣ್ಣಗಿದೆ. ನೀರಿನ ಗುಳ್ಳೆ ಅಷ್ಟೆ. ಇದರಿಂದ ಭಯ ಇಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿದರು. ಇಷ್ಟು ಬೇಗ ಒಳ್ಳೆಯ ಸುದ್ದಿ ಹೇಳುವವರ ಮೇಲೆ ಅವರಿಗೆ ಮೊದಲಿಂದಲೂ ಗುಮಾನಿ. ಅಷ್ಟರಲ್ಲಿ ಡಾಕ್ಟರು ಬಲಗಡೆಗೆ ಜೆಲ್ಲಿ ಹಚ್ಚಲು ಹೋದರು. ಅತ್ತೆ ಅವರ ಕೈ ಹಿಡಿದರು.

"ಆ ಕಡೆ ಯಾಕೆ? ಅಲ್ಲಿ ನನಗೇನೂ ಸಿಕ್ಕಿಲ್ಲ."

"ಕೈಗೆ ಸಿಗದ್ದೂ ಇರಬಹುದಮ್ಮ. ಎಕ್ಸ್‌ರೇಯಲ್ಲಿ ಎರಡು ಕಡೆಯೂ ಸರಿಯಾಗಿ ಕಂಡಿಲ್ಲ, ಎರಡನ್ನೂ ನೋಡ್ಬೇಕು."

"ಈ ಕೈಗೆ ಸಿಗದ್ದು ಯಾವುದೂ ಇಲ್ಲ. ಬಾಣ ಇದ್ದ ಕಡೆ ನೋಡಿದ್ದಾಯ್ತಲ್ಲ, ಸಾಕು. ಇನ್ನೂ ಕೆದಕಿದ್ರೆ ಇಲ್ಲದ್ದನ್ನೂ ಹುಟ್ಟಿಸ್ತೀರಿ."

ಜೆಲ್ಲಿ ಒರೆಸಿಕೊಳ್ಳದೆಯೇ ಗುಂಡಿ ಹಾಕಿಕೊಂಡು ಹೊರನಡೆದರು. ಡಾಕ್ಟರು ಬಾಗಿಲ ತನಕ ಬಂದು ನನಗೆ ಮೆಲ್ಲಗೆ ಹೇಳಿದರು: "ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ. ಅರ್ಧ ನೋಡಿ ಬಿಡಬಾರದು."

ನನಗೂ ಮನೆಗೆ ಹೋಗುವ ಆಸೆಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಬಸ್ ನಿಲ್ದಾಣದಲ್ಲಿ ಅವರು, "ಏನೋ ಒಳಸಂಚು. ಎಡಗಡೆ ಏನೂ ಸಿಗ್ಲಿಲ್ಲ, ಬಲಕ್ಕೆ ಬಂದ್ರು" ಎಂದು ಗೊಣಗುತ್ತಿದ್ದರು. ಆ ಗೊಣಗಾಟಕ್ಕೇ ನನ್ನ ತಾಳ್ಮೆ ಕೆಟ್ಟಿತು.

"ಅತ್ತೆ, ನನ್ನ ಕಾಲರ್ ಸೊಟ್ಟ ಅಂತ ಬುಟ್ಟಿಗೆ ಎಸೀತಿದ್ರಿ. ಬಿಚ್ಚಿ ಸರಿಮಾಡಿ ಕಳಿಸಿದ್ರೆ ಅದೇ ಅಂಗಿಯ ತೋಳಲ್ಲಿ ಇನ್ನೊಂದು ತಪ್ಪು ಹಿಡೀತಿದ್ರಿ. ಎಷ್ಟು ಸಲ ಆಗಿದೆ ಹೇಳಿ."

"ಅದು ಅಂಗಿ."

"ಹೌದು. ಅಂಗಿಯಾದ್ರೆ ಎರಡನೇ ಸಲ ನಿಮ್ಮ ಮೇಜಿಗೆ ಬರುತ್ತೆ. ನಿಮ್ಮನ್ನು ನಾನು ಎಲ್ಲಿಂದ ತರ್ಲಿ?"

ಅತ್ತೆಯ ಮುಂದೆ ನಾನು ಹಾಗೆ ದನಿ ಏರಿಸಿದ್ದು ಅದೇ ಮೊದಲು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಬಸ್ಸು ಬಂತು, ಎಲ್ಲರೂ ಹತ್ತಿದರು, ಅತ್ತೆ ಹತ್ತಲಿಲ್ಲ. ಚೀಲ ನನ್ನ ಕೈಗೆ ಕೊಟ್ಟು ಆಸ್ಪತ್ರೆಯ ಕಡೆ ತಿರುಗಿದರು.

ಬಲಗಡೆ ನೋಡುತ್ತ ಡಾಕ್ಟರು ಏನೋ ಹರಟುತ್ತಿದ್ದರು. ಒಂದು ಕಡೆ ಅವರ ಕೈ ನಿಂತಿತು, ಮಾತೂ ನಿಂತಿತು. ಪರದೆಯ ಮೇಲೆ ಚಿಕ್ಕ ಚಿಕ್ಕ ಗುರುತು ಹಾಕಿ ಅಳೆದರು. "ಏಳು ಮಿಲಿಮೀಟರ್. ಇದು ನೀರಲ್ಲ, ಗಟ್ಟಿ ಇದೆ. ಅಂಚೂ ಒರಟು. ಚಿತ್ರ ನೋಡಿ ಇಂಥದ್ದೇ ಅಂತ ಹೇಳೋಕಾಗಲ್ಲ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ಬೇಕು."

ಅತ್ತೆ ತಮ್ಮ ಬೆರಳನ್ನು ಅಲ್ಲಿಟ್ಟು ಒತ್ತಿದರು. ಮತ್ತೆ ಒತ್ತಿದರು. "ಏನೂ ಸಿಗ್ತಾನೇ ಇಲ್ವಲ್ಲ" ಎಂದರು. ಅಷ್ಟು ಸಣ್ಣ ದನಿ ಅವರದೆಂದು ನನಗೆ ಗೊತ್ತೇ ಇರಲಿಲ್ಲ.

ಸೂಜಿಯಲ್ಲಿ ಬಂದದ್ದು ಕ್ಯಾನ್ಸರ್. ಹದಿನೈದು ದಿನದಲ್ಲಿ ಆಪರೇಷನ್ ಆಯಿತು. ಗಾಯ ಮಾಗುವ ಹೊತ್ತಿಗೆ ತೆಗೆದ ಗಡ್ಡೆಯ ವರದಿ ಬಂತು. ಆಪರೇಷನ್ ಮಾಡಿದ ಡಾಕ್ಟರು ವಾರ್ಡಿಗೆ ಬಂದು, "ಸುತ್ತಲಿನ ಅಂಚಿನಲ್ಲಿ ಏನೂ ಉಳಿದಿಲ್ಲ, ಕಂಕುಳಿಗೂ ಹಬ್ಬಿಲ್ಲ. ಬೇಗ ಸಿಕ್ಕಿದ್ದು ಒಳ್ಳೇದಾಯ್ತು" ಎಂದು ಹೇಳಿ ಹೋದರು.

ಬಾಗಿಲು ಮುಚ್ಚುವ ತನಕ ಅತ್ತೆ ಕಾದರು. "ನಿಜ ಹೇಳ್ತಿದ್ದಾನಾ?"

"ನಿಜ ಅತ್ತೆ. ಏನೂ ಉಳಿದಿಲ್ಲ."

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ನೀನು ಹೇಳಿದ್ಮೇಲೆ ಆಯ್ತು ಬಿಡು" ಎಂದು ಪಕ್ಕಕ್ಕೆ ಹೊರಳಿ ಕಣ್ಣು ಮುಚ್ಚಿದರು.

ಇಷ್ಟು ವರ್ಷದಲ್ಲಿ ಅವರು ಯಾರಿಗೂ ಆಡದ ಮಾತು. ನನಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ನಾನು ಹೇಳಿದ್ದು ಡಾಕ್ಟರು ಹೇಳಿದ್ದನ್ನೇ. ಕಾಗದವನ್ನು ನಾನಿನ್ನೂ ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು, ಅವರಿಗೆ ನಿದ್ದೆ ಹತ್ತಿದ್ದನ್ನು ಖಚಿತಪಡಿಸಿಕೊಂಡು, ಹೋಗಿ ಡಾಕ್ಟರ ಬಾಗಿಲು ತಟ್ಟಿದೆ.

"ಆ ವರದಿ ಸ್ವಲ್ಪ ಕೊಡಿ ಸಾರ್" ಎಂದೆ. "ನಾನೇ ಓದ್ಬೇಕು."